ಹೊಸ ಬಣ್ಣ ಬಳಿದ ಹಳೇ ಎಂಜಿನ್: ನಂದಿಬೆಟ್ಟದಲ್ಲಿ ಕುದಿದ ಅಂಬಾಸಡರ್‌ನ ದೋಷ ಹುಡುಕಿದ್ದು ಹೀಗೆ

ಮೊದಲು ತಕರಾರು ಏನು ಅಂತ ಹೇಳಿಬಿಡುತ್ತೇನೆ. ಶಿಡ್ಲಘಟ್ಟದ ನಮ್ಮ ಭಾವ ಒಂದು ಮಾರ್ಕ್ 2 ಅಂಬಾಸಡರ್ ಕೊಂಡರು. ಪೆಟ್ರೋಲ್ ಗಾಡಿ, ಆರ್‌ಸಿಯಲ್ಲಿ 1972 ಅಂತಿದೆ. ಮಾರಿದವರು ಬಾನೆಟ್ ಎತ್ತಿದಾಗ ಹಸಿರು ಬಣ್ಣದ ಎಂಜಿನ್ ಹುಣಸೆಹಣ್ಣು ಹಾಕಿ ತಿಕ್ಕಿದ ಬಿಂದಿಗೆ ಹಾಗೆ ಹೊಳೀತಿತ್ತಂತೆ. "ಎಲ್ಲಾ ಕಂಪನಿ ಬಣ್ಣ ಸಾರ್, ಕಂಪನಿ ಪಾರ್ಟು, ಎಂಜಿನ್ ಒಂದ್ ಸಲಾನೂ ಬಿಚ್ಚಿಲ್ಲ" ಅಂದರಂತೆ. ಭಾವ ಆ ಮಾತಿಗೆ ದುಡ್ಡು ಜಾಸ್ತಿ ಕೊಟ್ಟು ಬಂದರು.

ಮೂರು ವಾರ ಆಗಿರಲಿಲ್ಲ, ಫೋನ್ ಬಂತು. ಓಡಿಸಿ ನಿಲ್ಲಿಸಿದರೆ ಸುಟ್ಟ ವಾಸನೆ. ಬಿಸಿಯಾದ ಮೇಲೆ ಸೆಲ್ಫ್ ಹೊಡೆದರೆ ಮುದುಕನ ಹಾಗೆ ನರಳುತ್ತದೆ. ಟೆಂಪರೇಚರ್ ಮುಳ್ಳು ಅರ್ಧ ದಾಟುವುದೇ ಇಲ್ಲ, ಆದರೂ ನಂದಿಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ರೇಡಿಯೇಟರ್ ಕುದಿದು ನೀರೆಲ್ಲ ರಸ್ತೆಗೆ. "ಕಂಪನಿ ಎಂಜಿನ್ ಕಣಯ್ಯ, ಹಿಂಗ್ಯಾಕಾಯ್ತು?" ಅಂತ ಅವರ ಪ್ರಶ್ನೆ.

ನಾನು ಚಿಕ್ಕಬಳ್ಳಾಪುರದಲ್ಲಿ ಹಳೇ ಗಾಡಿಗಳ ಹುಚ್ಚು ಹಚ್ಚಿಕೊಂಡು ಕೂತವನು, ಕಸುಬು ಬೇರೆ. ಹೋಗಿ ನೋಡಿದೆ. ನಾಲ್ಕು ತಕರಾರಿನಲ್ಲೂ ಆ ಹೊಸ ಬಣ್ಣದ ಕೈ ಸ್ವಲ್ಪವಾದರೂ ಇತ್ತು. ದೋಷ ಹುಡುಕುತ್ತಾ ಹೋದಂತೆ ಎಂಜಿನ್ ಎಷ್ಟು ಕಂಪನಿಯದು, ಎಷ್ಟು ಮೇಕಪ್ಪು ಅನ್ನುವುದೂ ಹೊರಬಿತ್ತು. ಅದಕ್ಕೇ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಕಂಪನಿಯದೋ ಅಲ್ಲವೋ ಕಟ್ಕೊಂಡು ಏನಾಗಬೇಕು ಅನ್ನಬಹುದು. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು ಅನ್ನುವ ಷರತ್ತಿದೆ. ಭಾವನ ಕಣ್ಣು ಆ ಪ್ಲೇಟಿನ ಮೇಲೆ.

ಪಾನಾ ಹಿಡಿಯುವ ಮುಂಚೆ

ಎಂಜಿನ್ ತೊಳೆಯಬೇಡಿ. ದಮ್ಮಯ್ಯ, ತೊಳೆಯಬೇಡಿ. ಸರ್ವಿಸ್ ಸ್ಟೇಷನ್‌ಗೆ ಬಿಟ್ಟು ಪ್ರೆಶರ್ ಹೊಡೆಸಿ ಆಮೇಲೆ ನನ್ನನ್ನು ಕರೆಯುವವರೇ ಜಾಸ್ತಿ. ಗ್ರೀಸು, ಧೂಳು, ಸೋರಿದ ಗುರುತು, ಇವೇ ಸಾಕ್ಷಿ. ಒಂದು ಟಾರ್ಚು, ಅಂಗೈ ಅಗಲದ ಕನ್ನಡಿ, ಮಲ್ಟಿಮೀಟರ್, ಹತ್ತಿ, ಸ್ವಲ್ಪ ಥಿನ್ನರ್ ಇಟ್ಟುಕೊಳ್ಳಿ. ಫೋನಿಗೆ ಸಿಕ್ಕಿಸುವ ಪೈಪ್ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು, ಈಗ ಅಗ್ಗಕ್ಕೇ ಸಿಗುತ್ತದೆ.

ಬಣ್ಣದ ಹೆಸರು ಹಿಡಿದು ಜಗಳ ಮಾಡಬೇಡಿ. ಅಮೆರಿಕದ ಗಾಡಿಗಳಾದರೆ ಆ ಮಾತಿಗೆ ತೂಕ ಇದೆ: ಅರವತ್ತರ ದಶಕದ ಷೆವ್ರೊಲೆ ವಿ8 ಅಂದರೆ ಕಿತ್ತಳೆ, 1966ರಿಂದ ಫೋರ್ಡ್ ಅಂದರೆ ಕಡು ನೀಲಿ, ಅದಕ್ಕೆ ಕಡತಗಳಿವೆ, ಹಳೇ ಕಾರುಗಳ ಸ್ಪರ್ಧೆಯಲ್ಲಿ ಅಂಕ ಹಾಕುವ ತೀರ್ಪುಗಾರರಿದ್ದಾರೆ. ಆದರೆ ಅಲ್ಲೂ ಗಟ್ಟಿ ತೀರ್ಪುಗಾರ ಮೊದಲು ನೋಡುವುದು ಬಣ್ಣ ಯಾವುದು ಅಂತಲ್ಲ, ಬಣ್ಣ ಎಲ್ಲೆಲ್ಲಿ ಬಿದ್ದಿದೆ ಅಂತ. ಷೆವ್ರೊಲೆ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸಿ ಆದಮೇಲೆ ಒಟ್ಟಿಗೇ ಗನ್ ಹೊಡೆಯುತ್ತಿದ್ದರು. ಹಾಗಾಗಿ ಬೋಲ್ಟಿನ ತಲೆ ಮೇಲೂ ಅದೇ ಬಣ್ಣ, ಎರಡು ಭಾಗಗಳ ನಡುವಿನ ಪ್ಯಾಕಿಂಗಿನ ಅಂಚಿಗೂ ಅದೇ ಬಣ್ಣ, ಪಕ್ಕದಲ್ಲಿ ಸುಟ್ಟ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮೆನಿಫೋಲ್ಡಿನ ಅಂಚಿಗೂ ಒಂದಿಷ್ಟು ಹಾರಿರುತ್ತಿತ್ತು. ಕಾರ್ಖಾನೆಯವರಿಗೆ ಗಂಟೆಗೆ ಇಷ್ಟು ಅಂತ ಎಂಜಿನ್ ಇಳಿಸುವ ಅವಸರ, ಚಂದ ಮಾಡಲು ಪುರುಸೊತ್ತೆಲ್ಲಿ? ಪ್ರತಿ ಬೋಲ್ಟನ್ನೂ ಬೇರೆ ಬಣ್ಣದಲ್ಲಿ ಅಲಂಕಾರ ಮಾಡಿದ ಎಂಜಿನ್ ಕಂಡರೆ ನನಗೆ ಮೊದಲೇ ಅನುಮಾನ.

ಸುಟ್ಟ ವಾಸನೆ

ಇದು ಸುಲಭದ್ದು. ಅಂಬಾಸಡರ್‌ನ ಹಳೇ 1489 ಸಿಸಿ ಎಂಜಿನ್‌ನಲ್ಲಿ ಕಾರ್ಬೊರೇಟರ್, ಎಕ್ಸಾಸ್ಟ್ ಮೆನಿಫೋಲ್ಡ್ ಎರಡೂ ಎಡಗಡೆ, ಪ್ಲಗ್ಗು, ಅದಕ್ಕೆ ಕಿಡಿಯ ಕರೆಂಟು ಹಂಚುವ ಡೆಲ್ಕೋ ಬಲಗಡೆ. ಎಡಗಡೆ ನೋಡಿದರೆ ಮೆನಿಫೋಲ್ಡಿಗೂ ಅದೇ ಹಸಿರು ಎನಾಮಲ್ ಬಳಿದಿದ್ದಾರೆ! ಓಡುವಾಗ ಆ ಕಬ್ಬಿಣ ನೂರಾರು ಡಿಗ್ರಿ ಕಾಯುತ್ತದೆ. ಬಾಗಿಲು ಕಿಟಕಿಗೆ ಬಳಿಯುವ ಎನಾಮಲ್ ಅಲ್ಲಿ ಎಷ್ಟು ದಿನ ನಿಲ್ಲುತ್ತದೆ? ಗುಳ್ಳೆ ಎದ್ದು, ಕಂದಾಗಿ, ಹೊಗೆಯಾಡುತ್ತಾ ಉದುರುತ್ತಿತ್ತು. ಎಣ್ಣೆ ಸೋರಿ ಮೆನಿಫೋಲ್ಡ್ ಮೇಲೆ ಬಿದ್ದರೂ ಹೀಗೇ ಹೊಗೆ ಬರುತ್ತದೆ, ಆದ್ದರಿಂದ ಮೊದಲು ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್ ಕೆಳಗೆ ಬೆರಳಾಡಿಸಿ ನೋಡಿ. ನಮ್ಮದು ಒಣಗಿತ್ತು. ಬರೀ ಬಣ್ಣ.

ಪರಿಹಾರ ಅಂದರೆ ತಂತಿ ಬ್ರಷ್ ಹಿಡಿದು ಉಜ್ಜುವುದು, ಅಷ್ಟೇ. ಐವತ್ತು ವರ್ಷದ ಮೆನಿಫೋಲ್ಡ್ ತುಕ್ಕು ಕಂದು ಬಣ್ಣಕ್ಕೇ ಇರಬೇಕು. ಅಲ್ಲಿ ನುಣುಪಾದ ಬಣ್ಣ ಕಂಡರೆ ಅದು ಮೊನ್ನೆ ಮೊನ್ನೆಯದು ಅಂತ ಕಣ್ಣುಮುಚ್ಚಿ ಹೇಳಬಹುದು.

ಸೆಲ್ಫ್ ನರಳುವುದು

ಇಲ್ಲಿ ಭಾವ ಆಗಲೇ ಹೊಸ ಬ್ಯಾಟರಿ ಹಾಕಿಸಿದ್ದರು. ಸೆಲ್ಫ್ ಬಿಚ್ಚಿ ಬುಷ್ಷೂ ಬ್ರಷ್ಷೂ ಬದಲಾಯಿಸಿದ್ದರು. ಹೋಯಿತು ದುಡ್ಡು, ತಕರಾರು ಹಾಗೇ. ಒಂದು ಮಾತು ಹೇಳಿದರು, ಅದರಲ್ಲೇ ಉತ್ತರ ಇತ್ತು: "ಸೆಲ್ಫ್ ಹೊಡೆದಾಗ ಚೋಕಿನ ಕೇಬಲ್ ಬಿಸಿ ಆಗುತ್ತೆ ಕಣಯ್ಯ."

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬ್ಯಾಟರಿಯ ಕರೆಂಟು ಸೆಲ್ಫ್ ಮೂಲಕ ಎಂಜಿನ್ ಮೈಗೆ ಬಂದು, ಅಲ್ಲಿಂದ ಬಾಡಿಗೆ ವಾಪಸು ಹೋಗಬೇಕಾದರೆ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿಯೇ ದಾರಿ. ಆ ದಾರಿ ಕಟ್ಟಿಕೊಂಡರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ, ಚೋಕ್ ಕೇಬಲ್ಲೋ, ಆಕ್ಸಿಲರೇಟರ್ ಕೇಬಲ್ಲೋ. ತೆಳ್ಳನೆ ತಂತಿ, ಕಾಯುತ್ತದೆ. ಹೀಗೇ ಬಿಟ್ಟರೆ ಒಂದು ದಿನ ಬೆಂಕಿಯೇ.

ಪರೀಕ್ಷೆ ಎರಡು ನಿಮಿಷದ್ದು. ಡೆಲ್ಕೋದ ನಡುವಿನ ಹೈಟೆನ್ಷನ್ ವೈರ್ ಕಿತ್ತು ಅರ್ಥ್‌ಗೆ ತಾಗಿಸಿಡಿ, ಎಂಜಿನ್ ಸ್ಟಾರ್ಟ್ ಆಗಬಾರದು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದು ಎಂಜಿನ್ ಮೇಲೆ ಬಣ್ಣ ಕೆರೆದ ಒಂದು ಬೋಲ್ಟಿಗೆ. ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ, 0.2ರ ಆಸುಪಾಸು ಇದ್ದರೆ ಬಹಳ ಒಳ್ಳೆಯದು. ನಮ್ಮಲ್ಲಿ 1.9 ತೋರಿಸಿತು. ಜಂಪ್ ಕೇಬಲ್ ಒಂದನ್ನು ಬ್ಯಾಟರಿ ಅರ್ಥಿನಿಂದ ನೇರ ಎಂಜಿನ್ನಿಗೆ ಹಿಡಿದು ಹೊಡೆದರೆ ಸೆಲ್ಫ್ ಕುದುರೆ ಹಾಗೆ ಎದ್ದಿತು. ತೀರ್ಮಾನ ಆಯಿತಲ್ಲ.

ಪಟ್ಟಿ ಬಿಚ್ಚಿದರೆ ಬಣ್ಣದ ಮೇಲೆ ಹೆಣಿಗೆಯ ಅಚ್ಚು ಮೂಡಿತ್ತು, ಚಕ್ಕುಲಿ ಮೇಲೆ ಗೆರೆ ಮೂಡಿದ ಹಾಗೆ. ಅಂದರೆ ಬಣ್ಣ ಪೂರ್ತಿ ಒಣಗುವ ಮುಂಚೆಯೇ ಅದರ ಮೇಲೆ ಪಟ್ಟಿ ಕೂರಿಸಿ ಬಿಗಿ ಮಾಡಿದ್ದಾರೆ. ಪಟ್ಟಿ ಕೆಳಗೆ ಬಣ್ಣ ಇದ್ದ ಮಾತ್ರಕ್ಕೆ ನಕಲಿ ಅನ್ನಬೇಡಿ ಮತ್ತೆ, ಕಾರ್ಖಾನೆಯಲ್ಲೂ ಬಣ್ಣ ಮೊದಲು, ಪಟ್ಟಿ ಆಮೇಲೆ. ಆದರೆ ಅಂಥ ಕಡೆ ಹಲ್ಲಿರುವ ಸ್ಟಾರ್ ವಾಷರ್ ಹಾಕಿದರೆ ಅದು ಬಣ್ಣ ಕಚ್ಚಿ ಒಳಗಿನ ಕಬ್ಬಿಣ ಮುಟ್ಟುತ್ತದೆ. ನಮ್ಮದರಲ್ಲಿ ವಾಷರ್ರೇ ಇರಲಿಲ್ಲ. ಹಸಿರು ಪದರದ ಕೆಳಗೆ ಹಳೇ ಬಣ್ಣವೂ ಇಲ್ಲ, ಬರೀ ತುಕ್ಕು. ತುಕ್ಕಿನ ಮೇಲೇ ಬಳಿದದ್ದು. ಕಬ್ಬಿಣ ಮಿಂಚುವ ತನಕ ಉಜ್ಜಿ, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಒಂದಿಷ್ಟು ಗ್ರೀಸ್ ಸವರಿದೆ.

ನಾನೂ ಮೋಸಹೋದೆ

ಬ್ಲಾಕಿನ ಹಿಂಭಾಗ, ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ಕಡೆ, ಬಣ್ಣದ ಗನ್ ಹೋಗದ ಜಾಗ. ಎಂಜಿನ್ ಇಳಿಸದೆ ಬಣ್ಣ ಹೊಡೆದವರು ಅಲ್ಲೇ ಸಿಕ್ಕಿಬೀಳುವುದು. ಕನ್ನಡಿ ಹಿಡಿದು ನೋಡಿದರೆ ಹಸಿರು ಅರ್ಧಕ್ಕೇ ಮಸುಕಾಗಿ ನಿಂತಿದೆ. ಅದರಾಚೆ ಗ್ರೀಸಿನ ಕೆಳಗೆ ಇನ್ನೊಂದು ಮಂಕು ಪದರ. ಹತ್ತಿಗೆ ಥಿನ್ನರ್ ಹಾಕಿ ಒರೆಸಿದೆ. ಹಸಿರು ತಕ್ಷಣ ಹತ್ತಿಗೆ ಹತ್ತಿತು, ಮಂಕು ಪದರ ಅಲ್ಲಾಡಲಿಲ್ಲ. "ಭಾವ, ಕಂಪನಿ ಬಣ್ಣ ಸಿಕ್ತು!" ಅಂತ ಕೂಗಿಯೂ ಬಿಟ್ಟೆ.

ಆಮೇಲೆ ಟಾರ್ಚ್ ಸ್ವಲ್ಪ ತಿರುಗಿಸಿದೆ. ಸೈಡ್ ಕವರಿನ ಅಂಚಿನಿಂದ ಹೊರಗೆ ಉಬ್ಬಿದ ಕೆಂಪು ಸಿಲಿಕಾನ್ ಗೋಂದು. ಅದರ ಮೇಲೆ ಆ ಮಂಕು ಬಣ್ಣ. ಅಂಬಾಸಡರ್‌ನ ಈ ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ, ಅದು ಕಾರ್ಖಾನೆಯಿಂದ ಬಂದದ್ದು ಕಾಗದ, ಕಾರ್ಕ್ ಪ್ಯಾಕಿಂಗ್ ಹಾಕಿಕೊಂಡು. ಟ್ಯೂಬಿನಿಂದ ಹಿಂಡುವ ಕೆಂಪು ಗೋಂದು ನಮ್ಮ ಗ್ಯಾರೇಜುಗಳ ಕೈಚಳಕ. ಗೋಂದು ಒಳಗೆ, ಬಣ್ಣ ಮೇಲೆ. ಅಂದಮೇಲೆ ಆ 'ಹಳೇ' ಬಣ್ಣವೂ ಯಾವುದೋ ಹಳೇ ಓವರಾಲಿಂಗ್ ಆದಮೇಲೆ ಬಳಿದದ್ದು. ಮಂಕಾಗಿದೆ, ಗಟ್ಟಿಯಾಗಿದೆ ಅಂದ ತಕ್ಷಣ ಕಂಪನಿಯದು ಅಂದುಕೊಳ್ಳುವುದು ನನ್ನಂಥವರೂ ಮಾಡುವ ತಪ್ಪು. ಥಿನ್ನರ್ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ: ಗಟ್ಟಿಯಾಗಿಸುವ ರಾಸಾಯನಿಕ ಬೆರೆಸಿ ಹೊಡೆಯುವ ಟೂ-ಪ್ಯಾಕ್ ಬಣ್ಣ ನಿನ್ನೆ ಹೊಡೆಸಿ ಒಣಗಿಸಿದರೂ ಥಿನ್ನರ್‌ಗೆ ಬಗ್ಗುವುದಿಲ್ಲ.

ಕೊನೆಗೆ ಡೈನಮೋ ಬ್ರಾಕೆಟ್ ಬಿಚ್ಚಿದಾಗ ಅದರ ಹಿಂದಿನ ಮೂಲೆಯಲ್ಲಿ ಉಗುರಿನಷ್ಟು ಅಗಲ ಮೂರನೇ ಪದರ ಸಿಕ್ಕಿತು. ತೆಳ್ಳಗೆ, ಎರಕದ ಒರಟಿನ ಒಳಗೆ ಇಳಿದುಹೋಗಿತ್ತು. ಫೋಟೋ ತೆಗೆದು, ಕೆರೆಯದೆ ಹಾಗೇ ಬಿಟ್ಟೆವು. ಅದು ಯಾವ ಬಣ್ಣ ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ಎಲ್ಲರೂ ಅದೇ ಡಬ್ಬಿ ಹುಡುಕಿಕೊಂಡು ಹೋಗುತ್ತಾರೆ.

ಬೋಲ್ಟು ಕೂಡ ಮಾತಾಡುತ್ತದೆ. ಈ ಎಂಜಿನ್ ಇಂಚಿನ ಲೆಕ್ಕದ್ದು. 5/16 ಬೋಲ್ಟಿಗೆ 1/2 ಇಂಚಿನ ಪಾನಾ, ಅಂದರೆ 12.7 ಮಿ.ಮೀ. ನಮ್ಮ ವಾಟರ್ ಪಂಪಿನ ಎರಡು ಬೋಲ್ಟಿಗೆ 1/2 ಪಾನಾ ಹೋಗಲೇ ಇಲ್ಲ, 13 ನಂಬರ್ ಸರಿಯಾಗಿ ಕೂತಿತು. ಅಂದರೆ 8 ಮಿ.ಮೀ. ಮೆಟ್ರಿಕ್ ಬೋಲ್ಟನ್ನು ಇಂಚಿನ ತೂತಿಗೆ ಜಬರ್ದಸ್ತಿಯಿಂದ ತಿರುಗಿಸಿದ್ದಾರೆ. ಥ್ರೆಡ್ ಹಾಳಾಗಿ ಅಲ್ಲಿಂದಲೇ ಸಣ್ಣಗೆ ನೀರು ಜಿನುಗುತ್ತಿತ್ತು, ಬಣ್ಣ ಅದನ್ನು ಮುಚ್ಚಿತ್ತು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ ಕಡೆಯದು, ಅದರಲ್ಲಿ ಮೆಟ್ರಿಕ್ ಸಹಜ. ಅಂಬಾಸಡರ್‌ನಲ್ಲಿ ಅಲ್ಲ.

ಮುಳ್ಳು ಏಳುವುದಿಲ್ಲ, ನೀರು ಕುದಿಯುತ್ತದೆ

ಇದು ಎರಡು ತಕರಾರು, ಒಟ್ಟಿಗೆ ಬಂದವು. ಮೊದಲು ಮುಳ್ಳು. ಈ ಕಾರಿನಲ್ಲಿ ಇದ್ದದ್ದು ಎಲೆಕ್ಟ್ರಿಕ್ ಮೀಟರ್. ಅಂಥದ್ದರಲ್ಲಿ ಎಂಜಿನ್ನಿಗೆ ತಿರುಗಿಸಿ ಕೂರಿಸಿದ, ಬಿಸಿ ಅಳೆಯುವ ಸೆಂಡರ್‌ಗೆ ಒಂದೇ ವೈರು, ಅರ್ಥ್ ಸಿಗುವುದು ಅದರ ಥ್ರೆಡ್ಡಿನಿಂದಲೇ. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಮ್ಮಿಯಾಗುತ್ತದೆ, ಮುಳ್ಳು ಏಳುತ್ತದೆ. ಥ್ರೆಡ್ಡಿಗೆ ಸುತ್ತುಸುತ್ತು ಟೆಫ್ಲಾನ್ ಟೇಪ್ ಸುತ್ತಿ ಅದರ ಮೇಲೆ ಬಣ್ಣ ಬಳಿದರೆ ರೆಸಿಸ್ಟೆನ್ಸ್ ಸೇರಿಕೊಂಡು, ಎಂಜಿನ್ ಕುದಿಯುತ್ತಿದ್ದರೂ ಮೀಟರ್ "ಎಲ್ಲಾ ಆರಾಮ" ಅನ್ನುತ್ತದೆ. ಟೇಪ್ ತೆಗೆದು ಥ್ರೆಡ್ ಸ್ವಚ್ಛ ಮಾಡಿ ಹಾಕಿದ ಮೇಲೆ ಮುಳ್ಳು ನಿಜ ಹೇಳಲು ಶುರು ಮಾಡಿತು. ನಂಬಿಕೆ ಬರದಿದ್ದರೆ ಟೆಂಪರೇಚರ್ ಗನ್ ಹಿಡಿದು ತಾಳೆ ನೋಡಿ, ಆದರೆ ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಸುಳ್ಳು ಹೇಳುತ್ತದೆ, ಮಂಕಾದ ಜಾಗಕ್ಕೆ ಹಿಡಿಯಿರಿ.

ಇನ್ನು ಕುದಿಯುವುದು. ದಪ್ಪ ಬಣ್ಣ ಬಳಿದದ್ದಕ್ಕೇ ಎಂಜಿನ್ ಕಾಯುತ್ತದೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಾಖ ಹೊರಹೋಗುವುದು ಮುಖ್ಯವಾಗಿ ನೀರಿನಿಂದ, ಬ್ಲಾಕಿನ ಮೈಯಿಂದಲ್ಲ. ಆದರೆ ರೇಡಿಯೇಟರ್ ಜಾಲರಿಗೂ ಕಪ್ಪು ಎನಾಮಲ್ ಬ್ರಷ್ಷಿನಲ್ಲಿ ಬಳಿದರೆ ಬೇರೆ ಮಾತು, ಗಾಳಿ ಹೋಗುವ ಸಂದಿ ಮುಚ್ಚುತ್ತದೆ. ನಮ್ಮದರಲ್ಲಿ ಟಾರ್ಚ್ ಹಿಂದಿನಿಂದ ಹಿಡಿದರೆ ಮುಂದೆ ಬೆಳಕೇ ಕಾಣದ ಜಾಗಗಳಿದ್ದವು.

ಅಸಲಿ ಕಾರಣ ಒಳಗಿತ್ತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಸಾವಿರ ಅಡಿ ಕೊರೆದು ತೆಗೆದ ಗಡಸು ನೀರು, ಗೀಸರ್ ಕಾಯಿಲ್ ಬಿಳಿಯಾಗುವುದು ಮನೆಯಲ್ಲೇ ನೋಡಿರುತ್ತೀರಿ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರ್‌ಗೆ ಸುರಿದರೆ ಬ್ಲಾಕಿನ ಒಳಗೂ ಅದೇ ಸುಣ್ಣ. ಕೊಳೆ ಹಿಂದಿನ ಮೂಲೆಯಲ್ಲಿ, ನಾಲ್ಕನೇ ಸಿಲಿಂಡರ್ ಸುತ್ತ ಕೂರುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಲಾಕಿನ ನೀರು ಬಿಡುವ ನಲ್ಲಿ ತೆರೆಯಿರಿ. ನೀರು ಧಾರೆಯಾಗಿ ಬಂದರೆ ಸರಿ. ನಮ್ಮದರಲ್ಲಿ ಒಂದು ತೊಟ್ಟೂ ಬರಲಿಲ್ಲ. ನಲ್ಲಿ ಕಳಚಿ ತಂತಿ ತೂರಿಸಿ ಕೆದಕಿದರೆ ಕೆಂಪು ಕೆಸರು, ಸುಣ್ಣದ ಚಕ್ಕೆ.

ಬ್ಲಾಕಿನ ಪಕ್ಕದಲ್ಲಿ ಬಿಲ್ಲೆ ಹಾಗೆ ಇರುವ ವಾಟರ್ ಪ್ಲಗ್‌ಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಒಂದು ಕಡೆ ತಟ್ಟಿದರೆ ಬಣ್ಣ ಒಳಕ್ಕೇ ಕುಸಿಯಿತು. ಬಿಲ್ಲೆ ತುಕ್ಕು ತಿಂದು ಹೋಗಿ, ಮೇಲೆ ಎಂಸೀಲ್ ಮೆತ್ತಿ ಹಸಿರು ಹೊಡೆದಿದ್ದರು! ಬೆಟ್ಟ ಹತ್ತುವಾಗ ಒತ್ತಡಕ್ಕೆ ಅಲ್ಲಿಂದಲೂ ನೀರು ಹೋಗುತ್ತಿತ್ತು. ಎಲ್ಲ ಬಿಲ್ಲೆ ಕಿತ್ತು, ಆ ತೂತುಗಳಿಂದಲೇ ಕೆಸರು ಕೆದಕಿ ತೊಳೆದು, ಹಿತ್ತಾಳೆಯವು ಹಾಕಿಸಿದೆವು. ಕಂಪನಿಯದಲ್ಲ ಅಂತ ಯಾರಾದರೂ ಅಂಕ ಕಳೆದರೆ ಕಳೆಯಲಿ.

ರೇಡಿಯೇಟರ್ ಮುಚ್ಚಳವೂ ನೋಡಿ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್, ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಕೂತು ಒತ್ತಡ ಹಿಡಿದರೆ ಮಾತ್ರ ಅದಕ್ಕಿಂತ ಮೇಲೂ ತಡೆಯುತ್ತದೆ. ಭಾವನ ಕಾರಿನ ಮುಚ್ಚಳ ಯಾವುದೋ ಲಾರಿಯದು, ಕೂರುತ್ತಲೇ ಇರಲಿಲ್ಲ. ನೀರು ಕಾದ ಮೇಲೆ ರೇಡಿಯೇಟರ್‌ಗೆ ದಾರಿ ತೆರೆಯುವ ಥರ್ಮೋಸ್ಟಾಟ್ ಅಂತೂ ಇರಲೇ ಇಲ್ಲ, ಅದನ್ನು ಕಿತ್ತು ಬಿಸಾಡುವುದು ನಮ್ಮ ಮೇಸ್ತ್ರಿಗಳ ಹಳೇ ಚಟ. ಹೊಸದು ಹಾಕಿ, ಸರಿಯಾದ ಮುಚ್ಚಳ ತಂದು, ರೇಡಿಯೇಟರ್ ಬಿಚ್ಚಿ ಒಳಗೆ ಸಲಾಕೆ ಹೊಡೆಸಿ, ಆರ್‌ಒ ನೀರಿಗೆ ಕೂಲಂಟ್ ಬೆರೆಸಿ ತುಂಬಿದೆವು.

ಕೊನೆಗೆ ನಂಬರು

ಎಂಜಿನ್ ನಂಬರನ್ನು ಎಮೆರಿ ಪೇಪರಿನಲ್ಲಿ ಉಜ್ಜಬೇಡಿ. ಹತ್ತಿ, ಥಿನ್ನರ್, ಹಲ್ಲುಜ್ಜುವ ಬ್ರಷ್ ಸಾಕು. ಆರ್‌ಟಿಒ ಕೆಲಸಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯುತ್ತಾರಲ್ಲ, ಹಾಗೇ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಂಕಿಗಳ ಆಳ ಒಂದೇ ಸಮ ಇದೆಯಾ, ಅವುಗಳ ಸುತ್ತ ಗ್ರೈಂಡರ್ ಉಜ್ಜಿದ ಗುರುತಿದೆಯಾ, ಕಾಗದದ ಮೇಲೆ ಕಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ನಮ್ಮದು ಆರ್‌ಸಿಗೆ ಸರಿಹೊಂದಿತು, ಕೈ ಹಾಕಿದ ಗುರುತಿಲ್ಲ. ಭಾವನ ಮುಖ ಆಗ ಸ್ವಲ್ಪ ಅರಳಿತು. ನಂಬರ್ ಹೊಂದದಿದ್ದರೆ ಎಂಜಿನ್ ಬದಲಾಗಿದೆ ಅಂತಲೇ ಅರ್ಥ, ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಇಲ್ಲದಿದ್ದರೆ ಆ ಗಾಡಿ ಬಿಟ್ಟು ಬನ್ನಿ.

ಷೆವ್ರೊಲೆ ಕಾರ್ವೆಟ್ ತೀರ್ಪು ಹೇಳುವವರು ಇನ್ನೂ ಒಂದು ಹೆಜ್ಜೆ ಹೋಗುತ್ತಾರೆ. ಬ್ಲಾಕಿನ ಎರಕದಲ್ಲೇ ತಾರೀಕು ಇರುತ್ತದೆ: ತಿಂಗಳಿಗೆ ಒಂದು ಅಕ್ಷರ, ಎ ಅಂದರೆ ಜನವರಿ, ಆಮೇಲೆ ದಿನ, ವರ್ಷದ ಕೊನೆಯ ಅಂಕಿ. ಎರಕ ಹೊಯ್ದದ್ದು ಕಾರು ತಯಾರಾಗುವ ಮುಂಚೆ ಇರಬೇಕಲ್ಲ? ಮಗ ಅಪ್ಪನಿಗಿಂತ ಮೊದಲು ಹುಟ್ಟುವುದಿಲ್ಲ. ಹೊಸ ಬಣ್ಣದ ಎಷ್ಟೋ ಚಂದದ ಎಂಜಿನ್‌ಗಳು ಅಲ್ಲೇ ಬೀಳುತ್ತವೆ.

ಒಂದು ಕೆಲಸ ಬಾಕಿ ಇತ್ತು. ಪ್ಲಗ್ ಬಿಚ್ಚಿ ತೂತಿನೊಳಗೆ ಪೈಪ್ ಕ್ಯಾಮೆರಾ ಬಿಟ್ಟೆ. ಪಿಸ್ಟನ್ ತಲೆ ಮೇಲೆ ಮಸಿಯ ನಡುವೆ 040 ಅಂತ ಅಚ್ಚು. ಅಂದರೆ ಇಂಚಿನ ಸಾವಿರದಲ್ಲಿ 40 ಭಾಗ ರೀಬೋರ್ ಆಗಿದೆ, ಸವೆದ ಸಿಲಿಂಡರನ್ನು ಅಷ್ಟು ಅಗಲಕ್ಕೆ ಕೊರೆದಿದ್ದಾರೆ, ಹತ್ತಿರ ಹತ್ತಿರ 1 ಮಿ.ಮೀ. ಲೆಕ್ಕ ಹಾಕಿದರೆ ಈ ಎಂಜಿನ್ ಈಗ 1489 ಅಲ್ಲ, 1531 ಸಿಸಿ. ಒಂದು ಸಲವೂ ಬಿಚ್ಚಿಲ್ಲದ ಎಂಜಿನ್!

ನನ್ನ ಮಟ್ಟಿಗೆ ರೀಬೋರ್ ಆದದ್ದು ತಪ್ಪಲ್ಲ. ಐವತ್ತು ವರ್ಷ ದುಡಿದ ಎಂಜಿನ್ ಬಿಚ್ಚದೆ ಇರುತ್ತದೆಯೇ? ಬ್ಲಾಕ್ ಅದೇ, ನಂಬರ್ ಅದೇ, ರಿಪೇರಿ ಆಗಿದೆ ಅಂತ ನೇರ ಹೇಳಿದ್ದರೆ ನಾನೇ ಕೊಂಡುಕೊಳ್ಳಿ ಅನ್ನುತ್ತಿದ್ದೆ, ಸ್ವಲ್ಪ ಕಮ್ಮಿ ರೇಟಿಗೆ. 'ವಿಎ' ಅರ್ಜಿಗೆ ಪೆನ್ಸಿಲ್ ಅಚ್ಚು, ಮೂರು ಪದರದ ಫೋಟೋ, ಬದಲಾಯಿಸಿದ ಸಾಮಾನಿನ ಬಿಲ್ಲು ಎಲ್ಲ ಒಂದು ಫೈಲು ಮಾಡಿ ಇಡಿ ಅಂತ ಭಾವನಿಗೆ ಹೇಳಿದ್ದೇನೆ, ಯಾವುದನ್ನೂ ಮುಚ್ಚಿಡದೆ.

ಹೋದ ಭಾನುವಾರ ಬೆಳಿಗ್ಗೆ ಮತ್ತೆ ನಂದಿಬೆಟ್ಟ ಹತ್ತಿದೆವು. ಮುಳ್ಳು ಅರ್ಧ ದಾಟಿತು, ಅಲ್ಲೇ ನಿಂತಿತು. ಮೇಲೆ ಹೋಗಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ಮಲ್ಟಿಮೀಟರ್ ಜೇಬಿನಲ್ಲೇ ಇತ್ತು, ವೈರ್ ಕಿತ್ತು ಮತ್ತೆ ಹಿಡಿದು ನೋಡಿದೆ, 0.25. ಭಾವ ಅಲ್ಲಿಂದಲೇ ಮಾರಿದವರಿಗೆ ಫೋನ್ ಹಚ್ಚಿ 040 ವಿಷಯ ಕೇಳಿದರು. ಆ ಕಡೆಯಿಂದ ಬಂದ ಉತ್ತರ: "ಬಿಚ್ಚಿಲ್ಲ ಅಂದಿದ್ದು ನಿಜವೇ ಸಾರ್. ನಮ್ಮ ಹತ್ರ ಬಂದ್ಮೇಲೆ ಬಿಚ್ಚಿಲ್ಲ."